ಬೂಟ್ ಆರ್ಡರ್ ಕಾಮರ್ಸ್‌ನವರಿಗೂ ಬೇಕು

ನಮ್ಮ ಕಂಪ್ಯೂಟರ್ ಲ್ಯಾಬಿನ ಬಾಗಿಲ ಪಕ್ಕದಲ್ಲಿ ನಿಯಮಗಳ ಪಟ್ಟಿ ಅಂಟಿಸಿದ್ದಾರೆ. ಚಪ್ಪಲಿ ಹೊರಗೆ ಬಿಡಿ, ಪೆನ್ ಡ್ರೈವ್ ತರಬೇಡಿ, ಸೆಟ್ಟಿಂಗ್ಸ್ ಮುಟ್ಟಬೇಡಿ. ಮೂರೂ ಸರಿಯಾದ ನಿಯಮಗಳೇ. ಒಂದು ಕಂಪ್ಯೂಟರ್ ಹಾಳಾದರೆ ಅದರ ಮುಂದೆ ಕೂರುವ ಇಬ್ಬರು ಮೂರು ವಾರ ಬೇರೆಯವರ ಹಿಂದೆ ನಿಂತು ನೋಡಬೇಕಾಗುತ್ತದೆ. ಆದ್ದರಿಂದ ನಿಯಮ ತೆಗೆಯಿರಿ ಎಂದು ನಾನು ಬರೆಯುತ್ತಿಲ್ಲ. ಏನು ಮುಟ್ಟಿದರೂ ಹಾಳಾಗದ ಕಂಪ್ಯೂಟರ್ ಒಂದಿದೆ, ಅದನ್ನು ಕಾಮರ್ಸ್ ವಿದ್ಯಾರ್ಥಿಗಳ ಕೈಗೂ ಕೊಡಿ, ಅದರಲ್ಲಿ ಮೊದಲ ಪಾಠವಾಗಿ ಬೂಟ್ ಡಿವೈಸ್ ಹೊಂದಿಸುವುದನ್ನು ಕಲಿಸಿ ಎಂದು ಕೇಳುತ್ತಿದ್ದೇನೆ. ಅದಕ್ಕೆ ಹಣ ಬೇಕಿಲ್ಲ. ಅದರ ಹೆಸರು ವರ್ಚುವಲ್ ಮಷೀನ್.

ನಮ್ಮ ಸೆಕ್ಷನ್‌ನವರು ಲ್ಯಾಬಿಗೆ ಹೋಗುವುದು ಟ್ಯಾಲಿ ತರಗತಿಗೆ ಮಾತ್ರ. ಕಂಪ್ಯೂಟರ್ ಮೊದಲೇ ಆನ್ ಆಗಿರುತ್ತದೆ, ಟ್ಯಾಲಿ ತೆರೆದಿರುತ್ತದೆ, ನಾವು ಕುಳಿತು ವೋಚರ್ ಹಾಕುತ್ತೇವೆ. ಬಟನ್ ಒತ್ತಿದ ಮೇಲೆ ವಿಂಡೋಸ್ ಬರುವ ತನಕದ ಆ ಅರ್ಧ ನಿಮಿಷದಲ್ಲಿ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಲ್ಲ. ಅದು ಸೈನ್ಸ್‌ನವರ ವಿಷಯ ಎಂದು ನಾವೂ ಕೇಳಿಲ್ಲ. ಅಂಗಡಿಗಳಲ್ಲಿ ಲೆಕ್ಕ ಕಳೆದುಹೋಗುವುದು ಹೆಚ್ಚಾಗಿ ಆ ಅರ್ಧ ನಿಮಿಷದಲ್ಲೇ.

ಮೊದಲು ವಿಷಯ ಏನು ಎಂದು ಹೇಳುತ್ತೇನೆ. ಕಂಪ್ಯೂಟರ್ ಆನ್ ಆದಾಗ ಅದಕ್ಕೆ ವಿಂಡೋಸ್ ಎಂದರೇನು ಎಂದೇ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಚಿಕ್ಕ ಪ್ರೋಗ್ರಾಂ ಮಾತ್ರ ಎಚ್ಚರವಾಗುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಅದು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ಅದು ಒಂದು ಪಟ್ಟಿ ನೋಡಿಕೊಂಡು ಒಂದೊಂದೇ ಬಾಗಿಲು ತಟ್ಟುತ್ತದೆ: ಹಾರ್ಡ್ ಡಿಸ್ಕ್, ಡಿವಿಡಿ, ಪೆನ್ ಡ್ರೈವ್, ನೆಟ್‌ವರ್ಕ್. ಬಯಾಸ್ ಆದರೆ ಡಿಸ್ಕಿನ ಮೊದಲ 512 ಬೈಟ್ ಓದಿ, ಕೊನೆಯ ಎರಡು ಬೈಟ್‌ಗಳಲ್ಲಿ ಸರಿಯಾದ ಗುರುತು ಇದೆಯೇ ಎಂದು ನೋಡುತ್ತದೆ. ಗುರುತು ಇದ್ದರೆ ಅಲ್ಲಿರುವ ಕೋಡ್ ಓಡಿಸುತ್ತದೆ, ಇಲ್ಲದಿದ್ದರೆ ಮುಂದಿನ ಬಾಗಿಲಿಗೆ ಹೋಗುತ್ತದೆ. ಈ ಪಟ್ಟಿಯೇ ಬೂಟ್ ಆರ್ಡರ್.

ಸೆಕೆಂಡ್ ಪಿಯುನವರಿಗೆ ಇದು ಪಾಲುದಾರಿಕೆ ಸಂಸ್ಥೆಯ ವಿಸರ್ಜನೆಯ ಅಧ್ಯಾಯದಂತೆ ಕಾಣಬಹುದು. ಅಲ್ಲಿಯೂ ಕ್ರಮ ಇದೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಕೊಟ್ಟ ಸಾಲ, ಕೊನೆಗೆ ಬಂಡವಾಳ. ಒಂದೇ ವ್ಯತ್ಯಾಸ, ಬೂಟ್ ಆರ್ಡರ್‌ನಲ್ಲಿ ಮೊದಲು ಸಿಕ್ಕಿದವನಿಗೇ ಪೂರ್ತಿ, ಉಳಿದವರಿಗೆ ಏನೂ ಇಲ್ಲ.

ಬೂಟ್ ಎಂಬ ಮಾತು ಕೇಳಿ ನಮ್ಮ ಚಾಚಾ, 'ಬೇಟಾ, ಇದು ಚಪ್ಪಲಿ ಅಂಗಡಿಯ ವಿಷಯವಾ' ಎಂದು ನಕ್ಕರು. ಅವರು ಹೇಳಿದ್ದು ಒಂದು ರೀತಿಯಲ್ಲಿ ಸರಿ. ಬೂಟಿನ ಹಿಂಬದಿಯಲ್ಲಿ ಕಾಲು ತೂರಿಸಲು ಇರುವ ಪಟ್ಟಿಗೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ತಮಾಷೆಯ ಮಾತಿನಿಂದ ಈ ಹೆಸರು ಬಂತು. ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಇದೇ ಕೆಲಸಕ್ಕೆ ಇನಿಷಿಯಲ್ ಪ್ರೋಗ್ರಾಂ ಲೋಡ್ ಎನ್ನುತ್ತಿದ್ದರು, ಚಿಕ್ಕದಾಗಿ ಐಪಿಎಲ್. ನಮ್ಮ ತರಗತಿಯ ಹುಡುಗರು ಐಪಿಎಲ್ 2008ರಲ್ಲಿ ಶುರುವಾಯಿತು ಎಂದುಕೊಂಡಿದ್ದಾರೆ. 1972ರಲ್ಲಿ ಐಬಿಎಂ ತನ್ನ ವಿಎಂ/370 ಘೋಷಿಸಿದಾಗ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಒಂದು ವರ್ಚುವಲ್ ಮಷೀನ್ ಇರುತ್ತಿತ್ತು. ಅವನು ಕೀಬೋರ್ಡಿನಲ್ಲಿ ಐಪಿಎಲ್ ಎಂದು ಬರೆದು ಮುಂದೆ ಡಿಸ್ಕಿನ ನಂಬರ್ ಕೊಟ್ಟರೆ ಅದರಿಂದ ಯಂತ್ರ ಶುರುವಾಗುತ್ತಿತ್ತು. ಅಂದರೆ ವರ್ಚುವಲ್ ಮಷೀನಿಗೆ ಬೂಟ್ ಡಿವೈಸ್ ಹೇಳಿಕೊಡುವುದು 50 ವರ್ಷ ದಾಟಿದ ಕೆಲಸ, ಹೊಸ ಫ್ಯಾಷನ್ ಅಲ್ಲ.

ಈಗ ನಮ್ಮ ಲ್ಯಾಬಿಗೆ ಬರೋಣ. ವರ್ಚುವಲ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಹಾಕಿದರೆ ನಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಒಂದು ಕಿಟಕಿಯಲ್ಲಿ ಓಡುತ್ತದೆ. ಹೊರಗಿನದಕ್ಕೆ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಎಂದು ಹೆಸರು; ನಮ್ಮ ಮನೆಯ ಭಾಷೆಯಲ್ಲಿ ಹೇಳುವುದಾದರೆ ಮೇಜ್‌ಬಾನ್ ಮತ್ತು ಮೆಹಮಾನ್. ಮೆಹಮಾನ್‌ನ ಹಾರ್ಡ್ ಡಿಸ್ಕ್ ಎಂದರೆ ಮೇಜ್‌ಬಾನ್‌ನ ಡಿಸ್ಕಿನಲ್ಲಿರುವ ಒಂದು ದೊಡ್ಡ ಫೈಲ್, ಅಷ್ಟೇ. ಅದರ ಡಿವಿಡಿ ಎಂದರೆ ಒಂದು ಐಎಸ್‌ಒ ಫೈಲ್. ಹಾಳಾದರೆ ಡಿಲೀಟ್ ಮಾಡಿ ಹತ್ತು ನಿಮಿಷದಲ್ಲಿ ಹೊಸದು ಮಾಡಬಹುದು.

ಅದರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಎಂಬ ಭಾಗದ ಒಳಗೆ ಬೂಟ್ ಆರ್ಡರ್ ಸಿಗುತ್ತದೆ. ಫ್ಲಾಪಿ, ಆಪ್ಟಿಕಲ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಎಂದು ನಾಲ್ಕು ಸಾಲು. ಪ್ರತಿ ಸಾಲಿಗೂ ಟಿಕ್ ಹಾಕಬಹುದು, ಬಾಣದ ಗುರುತು ಒತ್ತಿ ಮೇಲೆ ಕೆಳಗೆ ಮಾಡಬಹುದು. ನಮ್ಮಲ್ಲಿ ಯಾರೂ ಫ್ಲಾಪಿಯನ್ನು ಕಣ್ಣಿನಿಂದ ನೋಡಿಲ್ಲ, ಆದರೂ ಅದು ಇನ್ನೂ ಪಟ್ಟಿಯಲ್ಲಿ ಕುಳಿತಿದೆ.

ಏನೂ ಇಲ್ಲದ ಹೊಸ ವರ್ಚುವಲ್ ಮಷೀನನ್ನು ಹಾಗೇ ಶುರು ಮಾಡಿದರೆ ಕಪ್ಪು ಪರದೆಯ ಮೇಲೆ 'ಫೇಟಲ್: ನೋ ಬೂಟಬಲ್ ಮೀಡಿಯಂ ಫೌಂಡ್' ಎಂದು ಬರುತ್ತದೆ. ಮೊದಲ ದಿನ ಎಲ್ಲರಿಗೂ ಇದನ್ನೇ ತೋರಿಸಬೇಕು ಎಂದು ನನ್ನ ಅಭಿಪ್ರಾಯ. ಇದು ಹೆದರುವ ಮಾತಲ್ಲ. ತಟ್ಟಿದ ಯಾವ ಬಾಗಿಲಲ್ಲೂ ಯಾರೂ ಇರಲಿಲ್ಲ ಎಂದು ಯಂತ್ರ ಹೇಳುತ್ತಿದೆ. ನಿಜವಾದ ಕಂಪ್ಯೂಟರಿನಲ್ಲಿ ಇದೇ ಅರ್ಥದ ಸಂದೇಶ ಬಂದಾಗ ಅಂಗಡಿಯವರು ಡಬ್ಬವನ್ನೇ ಎತ್ತಿಕೊಂಡು ರಿಪೇರಿಗೆ ಓಡುತ್ತಾರೆ. ಮರೆತು ಚುಚ್ಚಿಟ್ಟ ಪೆನ್ ಡ್ರೈವ್ ಕಿತ್ತರೆ ಸಾಕಾಗುವ ದಿನಗಳೂ ಇರುತ್ತವೆ.

ಎರಡನೆಯ ಪಾಠ ನನಗೆ ಹೆಚ್ಚು ಇಷ್ಟ. ಲಿನಕ್ಸ್‌ನ ಐಎಸ್‌ಒ ಫೈಲನ್ನು ಡ್ರೈವಿಗೆ ಹಾಕಿ, ಆಪ್ಟಿಕಲ್ ಮೇಲೆ ಹಾರ್ಡ್ ಡಿಸ್ಕ್ ಕೆಳಗೆ ಇಟ್ಟು ಇನ್‌ಸ್ಟಾಲ್ ಮಾಡಿ. ಮುಗಿಯಿತು, ರೀಸ್ಟಾರ್ಟ್ ಆಯಿತು, ನೋಡಿದರೆ ಮತ್ತೆ ಮೊದಲಿನಿಂದ 'ಭಾಷೆ ಆರಿಸಿ' ಎಂದು ಕೇಳುತ್ತದೆ. ಇನ್‌ಸ್ಟಾಲ್ ಆಗಲಿಲ್ಲವೇನೋ ಎಂದು ಇನ್ನೊಮ್ಮೆ ಮಾಡಿದರೂ ಅದೇ ಕಥೆ. ಡಿಸ್ಕಿನಲ್ಲಿ ಎಲ್ಲವೂ ಸರಿಯಾಗಿಯೇ ಕುಳಿತಿದೆ, ಆದರೆ ಪಟ್ಟಿಯಲ್ಲಿ ಆಪ್ಟಿಕಲ್ ಮೇಲಿರುವುದರಿಂದ ಯಂತ್ರ ಅಲ್ಲಿಂದಲೇ ಶುರುವಾಗುತ್ತಿದೆ. ಐಎಸ್‌ಒ ತೆಗೆದರೆ ಸರಿಹೋಗುತ್ತದೆ. ಕೆಲವು ಇನ್‌ಸ್ಟಾಲರ್‌ಗಳು ಕೊನೆಯಲ್ಲಿ ತಾವೇ ಡಿಸ್ಕ್ ಹೊರಗೆ ಹಾಕುತ್ತವೆ, ಎಲ್ಲವೂ ಅಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಹಾರ್ಡ್ ಡಿಸ್ಕನ್ನೇ ಮೊದಲು, ಆಪ್ಟಿಕಲ್ಲನ್ನು ಎರಡನೆಯದಾಗಿ ಇಡುವುದು. ಡಿಸ್ಕ್ ಖಾಲಿ ಇದ್ದಾಗ ಅಲ್ಲಿ ಗುರುತು ಸಿಗದೆ ಯಂತ್ರ ತಾನಾಗಿ ಐಎಸ್‌ಒ ಕಡೆ ಹೋಗುತ್ತದೆ, ಇನ್‌ಸ್ಟಾಲ್ ಆದ ಮೇಲೆ ಡಿಸ್ಕಿನಲ್ಲೇ ನಿಲ್ಲುತ್ತದೆ. ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟಬೇಕಿಲ್ಲ. ಯಾವಾಗಲಾದರೂ ಒಂದು ಸಲಕ್ಕೆ ಮಾತ್ರ ಬೇರೆ ಕಡೆಯಿಂದ ಬೂಟ್ ಆಗಬೇಕಾದರೆ, ಶುರುವಿನ ಪರದೆ ಕಂಡ ತಕ್ಷಣ ಎಫ್12 ಒತ್ತಿದರೆ ಪಟ್ಟಿ ಬರುತ್ತದೆ. ಇಎಫ್‌ಐ ಎಂಬ ಟಿಕ್ ಹಾಕಿದರೆ ಮಾತ್ರ ಆಟದ ನಿಯಮ ಬೇರೆ, ಆಗ ಮಷೀನ್ ತನ್ನ ಬೂಟ್ ಪಟ್ಟಿಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಶುರುವಿಗೆ ಆ ಟಿಕ್ ಬೇಡ.

ಇದೆಲ್ಲ ಕಾಮರ್ಸ್‌ಗೆ ಏಕೆ ಎಂದು ಕೇಳುವವರಿಗೆ ನಮ್ಮ ಚಾಚಾ ಪ್ರೆಸ್ಸಿನ ಕಥೆ ಹೇಳಬೇಕು. ಅವರದು ಶಾದಿ ಕಾರ್ಡು, ರಂಜಾನ್ ಸಹರಿ-ಇಫ್ತಾರ್ ವೇಳಾಪಟ್ಟಿ, ಬಿಲ್ ಬುಕ್ ಮಾಡುವ ಚಿಕ್ಕ ಅಂಗಡಿ. ಉರ್ದು ಕೆಲಸವೆಲ್ಲ ಇನ್‌ಪೇಜ್‌ನ ಹಳೆಯ ಆವೃತ್ತಿಯಲ್ಲಿ. ಆ ಕಾಲದ ಇನ್‌ಪೇಜ್ ಫೈಲುಗಳು ಯೂನಿಕೋಡ್‌ನಲ್ಲಿ ಇಲ್ಲ, ಬೇರೆ ಪ್ರೋಗ್ರಾಂನಲ್ಲಿ ತೆರೆದರೆ ಅಕ್ಷರವೇ ಬರುವುದಿಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳ ಕಷ್ಟವೂ ಇದೇ, ಆಫೀಸಿನ ಮೇಡಂರನ್ನು ಕೇಳಿದರೆ ಹೇಳುತ್ತಾರೆ. ಚಾಚಾ ಅವರ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಅದಾದ ಮೇಲೂ ಅವರದು ಓಡುತ್ತಲೇ ಇತ್ತು. ಕಳೆದ ವರ್ಷ ಮದರ್‌ಬೋರ್ಡ್ ಹೋಯಿತು. ರಿಪೇರಿಯವರು ಅಂಥ ಬೋರ್ಡ್ ಈಗ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ, ಹಳೆಯದೆಲ್ಲ ಮರೆತುಬಿಡಿ ಎಂದರು. ಹದಿನೈದು ವರ್ಷದ ಗಿರಾಕಿಗಳ ಕೆಲಸ ಆ ಡಿಸ್ಕಿನಲ್ಲಿತ್ತು. ಪ್ರತಿ ರಂಜಾನ್‌ಗೆ ಅವರು ಹಳೆಯ ವೇಳಾಪಟ್ಟಿ ತೆರೆದು ತಾರೀಖು ಮತ್ತು ಸಮಯ ಮಾತ್ರ ಬದಲಾಯಿಸುತ್ತಿದ್ದರು.

ಬಿಸಿಎ ಓದುವ ನನ್ನ ಆಪಾ ಆ ಡಿಸ್ಕನ್ನು ಕಳಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಇಡೀ ಡಿಸ್ಕನ್ನು ಒಂದೇ ಫೈಲ್ ಆಗಿ ನಕಲು ಮಾಡಿಕೊಂಡಳು. ಆ ಫೈಲನ್ನು ವರ್ಚುವಲ್ ಮಷೀನಿಗೆ ಹಾರ್ಡ್ ಡಿಸ್ಕ್ ಎಂದು ಕೊಟ್ಟು ಶುರು ಮಾಡಿದಳು. ಎಕ್ಸ್‌ಪಿಯ ಗುರುತು ಒಂದು ಕ್ಷಣ ಕಂಡು ನೀಲಿ ಪರದೆ ಬಂತು. 7ಬಿ ಎಂದು ಕೊನೆಯಾಗುವ ಕೋಡ್. ಮೈಕ್ರೋಸಾಫ್ಟ್ ಆ ಕೋಡಿಗೆ ಇಟ್ಟ ಹೆಸರೇ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್'. ಬೂಟ್ ಆರ್ಡರ್ ಸರಿಯಾಗಿಯೇ ಇತ್ತು, ಬಯಾಸ್ ಡಿಸ್ಕನ್ನು ಕಂಡಿತ್ತು. ಆದರೆ ಮುಂದೆ ಎಕ್ಸ್‌ಪಿ ತಾನೇ ಡಿಸ್ಕ್ ಓದಬೇಕಾದಾಗ ಅದಕ್ಕೆ ದಾರಿ ಗೊತ್ತಾಗಲಿಲ್ಲ. ವರ್ಚುವಲ್ ಮಷೀನಿನಲ್ಲಿ ಡಿಸ್ಕ್ ಸಾಟಾ ಕಂಟ್ರೋಲರ್‌ಗೆ ಸೇರಿತ್ತು. ಎಕ್ಸ್‌ಪಿಯಲ್ಲಿ ಅದಕ್ಕೆ ಬೇಕಾದ ಡ್ರೈವರ್ ಇರುವುದಿಲ್ಲ, ಅದು ಹುಟ್ಟಿದ್ದು ಐಡಿಇ ಕಾಲದಲ್ಲಿ. ಆಪಾ ಸ್ಟೋರೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಡಿಸ್ಕನ್ನು ಸಾಟಾದಿಂದ ಬಿಡಿಸಿ ಐಡಿಇ ಕಂಟ್ರೋಲರ್‌ಗೆ ಹಾಕಿದಳು. ಎಕ್ಸ್‌ಪಿ ಎದ್ದಿತು. ಹಸಿರು ಗುಡ್ಡದ ಚಿತ್ರ ಕಂಡು ಚಾಚಾ ಏನೂ ಮಾತಾಡಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತು ಇನ್‌ಪೇಜ್ ತೆರೆದರು. ಈಗ ಅವರ ಹೊಸ ಕಂಪ್ಯೂಟರಿನ ಕಿಟಕಿಯೊಂದರಲ್ಲಿ ಹಳೆಯದು ಓಡುತ್ತದೆ. ಎಕ್ಸ್‌ಪಿಗೆ ಈಗ ಸುರಕ್ಷತೆ ಇಲ್ಲವಾದ್ದರಿಂದ ಅದರ ನೆಟ್‌ವರ್ಕ್ ಅನ್ನು ಆಪಾ ತೆಗೆದುಹಾಕಿದ್ದಾಳೆ.

ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಂಗಡಿಯ ಮನೆಯಿಂದ ಬಂದವರು. ಟೈರ್, ಬಟ್ಟೆ, ಗುಜರಿ, ಹಾರ್ಡ್‌ವೇರ್, ಹಣ್ಣಿನ ಮಂಡಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ಬಿಲ್ ಇಲ್ಲದೆ ನಡೆಯುವುದು ಕಷ್ಟ. ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು ಎಂದು ಜಿಎಸ್‌ಟಿ ಕಾನೂನಿದೆ. ನಾವು ಅದನ್ನು ಕಾಪಿಯಲ್ಲಿ ಬರೆದುಕೊಳ್ಳುತ್ತೇವೆ. ಆ 72 ತಿಂಗಳ ನಡುವೆ ಒಂದು ದಿನ ಅಬ್ಬಾನ ಅಂಗಡಿಯ ಕಂಪ್ಯೂಟರ್ ವಿಂಡೋಸ್ ತೆರೆಯುವುದಿಲ್ಲ ಎಂದರೆ ಏನು ಮಾಡಬೇಕು ಎಂದು ಮಾತ್ರ ಬರೆದುಕೊಳ್ಳುವುದಿಲ್ಲ. 'ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆಯಬೇಕು' ಎಂದು ರಿಪೇರಿಯವರು ಹೇಳಿದರೆ ನಾವು ಹೂಂ ಎನ್ನುತ್ತೇವೆ. ಡಿಸ್ಕ್ ಸರಿಯಾಗಿದ್ದು ವಿಂಡೋಸ್ ಮಾತ್ರ ಕೆಟ್ಟಿದ್ದರೆ, ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಬೂಟ್ ಮಾಡಿ ಟ್ಯಾಲಿಯ ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಆಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಲಿ. ಇದಕ್ಕೆ ಬೇಕಾದ ವಿದ್ಯೆ ಬೂಟ್ ಡಿವೈಸ್ ಬದಲಿಸುವುದು ಮಾತ್ರ. ವರ್ಚುವಲ್‌ಬಾಕ್ಸ್‌ನ ಪಟ್ಟಿಯಲ್ಲಿ ಪೆನ್ ಡ್ರೈವ್ ಇಲ್ಲ, ನಿಜವಾದ ಕಂಪ್ಯೂಟರಿನಲ್ಲಿ ಇರುತ್ತದೆ ಎಂಬ ಸಣ್ಣ ವ್ಯತ್ಯಾಸ ಬಿಟ್ಟರೆ ಅಭ್ಯಾಸ ಒಂದೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿರಬಹುದು. ಅದರ ರಿಕವರಿ ಕೀ ಇಲ್ಲದೆ ಹೊರಗಿನಿಂದ ಬೂಟ್ ಮಾಡಿದರೂ ಫೈಲ್ ತೆರೆಯುವುದಿಲ್ಲ. ಬೂಟ್ ಸೆಟ್ಟಿಂಗ್ ಬದಲಿಸಿದ್ದಕ್ಕೇ ಅದು ಕೀ ಕೇಳಬಹುದು. ಈ ಲೇಖನ ಓದಿ ಮನೆಗೆ ಹೋಗಿ ಭಾಯಿಯ ಲ್ಯಾಪ್‌ಟಾಪಿನ ಮೇಲೆ ಪ್ರಯೋಗ ಮಾಡಬೇಡಿ. ವರ್ಚುವಲ್ ಮಷೀನ್ ಬೇಕು ಎನ್ನುವುದು ಇದಕ್ಕೇ.

ಲ್ಯಾಬಿನ ಸರ್ ಜೊತೆ ಮಾತಾಡಿದಾಗ ಅವರು ನಿಜವಾದ ತೊಂದರೆಗಳನ್ನೇ ಹೇಳಿದರು. ಕಂಪ್ಯೂಟರುಗಳಲ್ಲಿ 4 ಜಿಬಿ ರ‍್ಯಾಮ್ ಇದೆ, ಎರಡು ಓಎಸ್ ಒಟ್ಟಿಗೆ ಎಳೆಯುವುದಿಲ್ಲ ಎಂದರು. ದೊಡ್ಡ ಉಬುಂಟು ಆದರೆ ಎಳೆಯುವುದಿಲ್ಲ, ಒಪ್ಪುತ್ತೇನೆ. ಬೂಟ್ ಕಲಿಯಲು ಅದು ಬೇಕಾಗಿಲ್ಲ. ಟೈನಿ ಕೋರ್ ಎಂಬ ಲಿನಕ್ಸ್ ಸುಮಾರು 25 ಎಂಬಿ ಮಾತ್ರ, ವಾಟ್ಸಾಪ್‌ನಲ್ಲಿ ಬರುವ ಮದುವೆ ವಿಡಿಯೋಗಿಂತ ಚಿಕ್ಕದು. 512 ಎಂಬಿ ರ‍್ಯಾಮ್ ಕೊಟ್ಟರೆ ಧಾರಾಳ. ಇನ್ನೊಂದು ತೊಂದರೆ, ಈಗಿನ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯ ಆನ್ ಆಗಿರಬೇಕು, ಅದನ್ನು ಬಯಾಸ್ ಒಳಗೆ ಹೋಗಿ ಆನ್ ಮಾಡಬೇಕು. ಬಯಾಸ್ ಪಾಸ್‌ವರ್ಡ್ ಸರ್ ಹತ್ತಿರವೇ ಇರಲಿ. ಒಂದು ಸಲ ಅವರೇ ಆನ್ ಮಾಡಿ ಬೀಗ ಹಾಕಿಬಿಟ್ಟರೆ ಸಾಕು.

ಇನ್ನೊಂದು ಮಾತು ಅವರು ನಗುತ್ತಾ ಹೇಳಿದರೂ ಅದರಲ್ಲಿ ಹುರುಳಿದೆ. ಇದನ್ನು ಕಲಿಸಿದರೆ ನೀವು ನಾಳೆ ಆಫೀಸಿನ ಕಂಪ್ಯೂಟರನ್ನು ಪೆನ್ ಡ್ರೈವಿನಿಂದ ಬೂಟ್ ಮಾಡಿ ಮಾರ್ಕ್ಸ್ ನೋಡುತ್ತೀರಿ ಎಂದರು. ಹೌದು, ಹಾಗೆ ಮಾಡಲು ಸಾಧ್ಯ. ಡಿಸ್ಕಿಗೆ ಬೀಗ ಇಲ್ಲದಿದ್ದರೆ ವಿಂಡೋಸ್ ಪಾಸ್‌ವರ್ಡ್ ಹೊರಗಿನಿಂದ ಬೂಟ್ ಮಾಡಿದವನನ್ನು ತಡೆಯುವುದಿಲ್ಲ. ನನಗೆ ಇದು ಕಲಿಸದಿರಲು ಕಾರಣವಾಗಿ ಕಾಣುವುದಿಲ್ಲ, ಕಾಮರ್ಸ್‌ನವರಿಗೆ ಕಲಿಸಲೇಬೇಕಾದ ಕಾರಣವಾಗಿ ಕಾಣುತ್ತದೆ. ನಮ್ಮಲ್ಲಿ ಕೆಲವರು ಸಿಎ ಆಗುತ್ತಾರೆ, ಹಲವರು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರುತ್ತಾರೆ. ಯಾರದೋ ಅಂಗಡಿಗೆ ಹೋಗಿ ಲೆಕ್ಕಕ್ಕೆ ಪಾಸ್‌ವರ್ಡ್ ಇದೆಯೇ ಎಂದು ಕೇಳಿ, ಇದೆ ಎಂದರೆ ಟಿಕ್ ಹಾಕಿ ಬರುತ್ತಾರೆ. ಆ ಪಾಸ್‌ವರ್ಡ್ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ ಇರಬಹುದು ಎಂದು ಅವರಿಗೆ ಗೊತ್ತಿರಬೇಕಲ್ಲವೇ? ಆಂತರಿಕ ನಿಯಂತ್ರಣದ ಬಗ್ಗೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯುವವರು ಬಯಾಸ್ ಪಾಸ್‌ವರ್ಡ್ ಏಕೆ ಇದೆ ಎಂದು ಒಮ್ಮೆ ಕಣ್ಣಾರೆ ನೋಡಲಿ. ಕದಿಯುವವನು ಹೇಗೂ ಕಲಿತಿರುತ್ತಾನೆ, ಕಾಯುವವನಿಗೇ ತಿಳಿದಿರುವುದಿಲ್ಲ.

ಸಿಲಬಸ್‌ನಲ್ಲಿ ಇಲ್ಲ ಎಂಬ ಮಾತಿಗೆ ಉತ್ತರ ಬರೆಯುವಷ್ಟು ಜಾಗ ಇಲ್ಲಿ ಇಲ್ಲ. ಟ್ಯಾಲಿಯೂ ನಮ್ಮ ಪರೀಕ್ಷೆಗೆ ಅಂತ ಕಲಿಸುತ್ತಿಲ್ಲ, ಕೆಲಸಕ್ಕೆ ಬರುತ್ತದೆ ಎಂದೇ ಕಲಿಸುತ್ತಾರೆ.

ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಎಂಬ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಓಡುತ್ತದೆ. ಅಲ್ಲಿನ ಹೈಸ್ಕೂಲ್ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳಿಗೆ ಆಗುವುದಿಲ್ಲ. ಅವನ್ನೆಲ್ಲ ಗುಜರಿಗೆ ಹಾಕಿ ಹೊಸದು ತರಬೇಕೇ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಮುಂದೆ ಹೇಗೂ ಬರುತ್ತದೆ. ಆ ಹಣ ನಮ್ಮ ಫೀಸಿನಿಂದ, ಊರಿನವರು ಕೊಟ್ಟ ಚಂದಾದಿಂದ ಬರಬೇಕು. ಟ್ಯಾಲಿಗೆ ವಿಂಡೋಸ್ ಬೇಕು ಎಂಬುದು ನಿಜ, ಆದ್ದರಿಂದ ಎಲ್ಲವನ್ನೂ ಬದಲಿಸಿ ಎನ್ನಲಾರೆ. ಆದರೆ ಟೈಪಿಂಗ್‌ಗೆ, ಇಂಟರ್‌ನೆಟ್‌ಗೆ ಬಳಸುವ ನಾಲ್ಕೈದು ಕಂಪ್ಯೂಟರುಗಳು ಲಿನಕ್ಸ್‌ನಲ್ಲಿ ನಡೆಯುತ್ತವೆಯೇ, ಕನ್ನಡವೂ ಉರ್ದುವೂ ಸರಿಯಾಗಿ ಮೂಡುತ್ತವೆಯೇ ಎಂದು ಮೊದಲು ವರ್ಚುವಲ್ ಮಷೀನಿನಲ್ಲಿ ನೋಡಬಹುದು. ನೋಡುವ ಕೆಲಸ ನಮಗೇ ಕೊಡಿ.

ನಾನು ಕೇಳುವುದು ದೊಡ್ಡದಲ್ಲ. ಹಿಂದಿನ ಸಾಲಿನ ಐದು ಕಂಪ್ಯೂಟರುಗಳಲ್ಲಿ ವರ್ಚುವಲ್‌ಬಾಕ್ಸ್ ಇರಲಿ, ಒಂದು ಫೋಲ್ಡರಿನಲ್ಲಿ ಎರಡು ಮೂರು ಐಎಸ್‌ಒ ಫೈಲ್ ಇರಲಿ, ಇಂಟರ್‌ನೆಟ್ ಬೇಡ. ಕಾಮರ್ಸ್‌ನ ಪ್ರತಿ ಬ್ಯಾಚಿಗೆ ನಾಲ್ಕು ಪೀರಿಯಡ್ ಸಾಕು. ಕಲಿಸಲು ಸರ್‌ಗೆ ಸಮಯ ಇಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಸೀನಿಯರ್‌ಗಳು ಇದ್ದಾರೆ, ಆಪಾ ಕೂಡ ಒಂದು ಶನಿವಾರ ಬರಲು ಒಪ್ಪಿದ್ದಾಳೆ.

ದಯವಿಟ್ಟು ಇದನ್ನು ಸಂಜೆ ನಾಲ್ಕರ ನಂತರದ ಕ್ಲಬ್ ಮಾಡಬೇಡಿ. ನಾಲ್ಕು ಹತ್ತಕ್ಕೆ ನಮ್ಮ ಬಸ್ ಹೊರಡುತ್ತದೆ, ಹಳ್ಳಿಯ ಕಡೆ ಹೋಗುವ ಹುಡುಗಿಯರಿಗೆ ಅದು ಬಿಟ್ಟರೆ ಆರೂವರೆಗೇ ಮುಂದಿನದು. ಮನೆಯಲ್ಲಿ ಕಾಯುತ್ತಾರೆ. ಸಂಜೆ ಇಟ್ಟರೆ ಬೈಕ್ ಇರುವ ಹುಡುಗರು ಮಾತ್ರ ಕಲಿಯುತ್ತಾರೆ. ಬುಧವಾರ ಮಧ್ಯಾಹ್ನ ಊಟದ ನಂತರದ ಪೀರಿಯಡ್ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ, ಟೈಂ ಟೇಬಲ್ ನೋಡಿಯೇ ಬರೆಯುತ್ತಿದ್ದೇನೆ.